ಥರ್ಮಾಕೋಲ್ ಬ್ಲಾಕ್ ಗೋಡೆ: ಮೊದಲ ವರಸೆಗಳ (ಬ್ಲಾಕಿನ ಸಾಲುಗಳ) ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಬ್ಲಾಕ್ ಬಗ್ಗೆ? ಇನ್ಸುಲೇಟೆಡ್ ಬ್ಲಾಕ್ ಅಂತ ಒಬ್ಬೊಬ್ರು ಒಂದೊಂದನ್ನ ತೋರಿಸ್ತಾರೆ.

ಹೌದು, ಆ ಗೊಂದಲ ಇದ್ದೇ ಇದೆ. ಇಲ್ಲಿ ಮುಖ್ಯವಾಗಿ ಹೇಳ್ತಿರೋದು ಐಸಿಎಫ್ (ಇನ್ಸುಲೇಟಿಂಗ್ ಕಾಂಕ್ರೀಟ್ ಫಾರ್ಮ್) ಬ್ಲಾಕ್ ಬಗ್ಗೆ. ಎರಡೂ ಕಡೆ ಗಟ್ಟಿ ಥರ್ಮಾಕೋಲ್ ಹಲಗೆ, ಅವೆರಡನ್ನ ಹಿಡಿದಿಡೋಕೆ ಮಧ್ಯೆ ಪ್ಲಾಸ್ಟಿಕ್ ಪಟ್ಟಿಗಳು, ಒಳಗೆ ಖಾಲಿ. ಒಂದರ ಮೇಲೊಂದು ಹಲ್ಲಿಗೆ ಹಲ್ಲು ಕೂರಿಸ್ಕೊಂಡು ಹೋಗಿ, ಒಳಗೆ ಕಂಬಿ ಇಟ್ಟು ಕಾಂಕ್ರೀಟ್ ತುಂಬೋದು. ಮಾಮೂಲಿ ಸೆಂಟ್ರಿಂಗ್ ಥರ ಆಮೇಲೆ ಬಿಚ್ಚೋ ಹಾಗಿಲ್ಲ, ಥರ್ಮಾಕೋಲ್ ಗೋಡೆಯಲ್ಲೇ ಉಳಿದು ಬಿಸಿಲು ಚಳಿ ತಡೆಯೋ ಕೆಲಸ ಮಾಡತ್ತೆ. ಹೊಸ ಐಡಿಯಾ ಏನಲ್ಲ, ವರ್ನರ್ ಗ್ರೆಗೋರಿ ಅನ್ನೋ ಕೆನಡಾದ ಕಂಟ್ರಾಕ್ಟರ್ 1966ರಲ್ಲೇ ಇಂಥ ಫೋಮ್ ಬ್ಲಾಕಿಗೆ ಪೇಟೆಂಟ್ ಅರ್ಜಿ ಹಾಕಿದ್ರು, ಅವರ ಬ್ಲಾಕು 48 ಇಂಚು ಉದ್ದ 16 ಇಂಚು ಎತ್ತರ ಇತ್ತು, ಇವತ್ತಿಗೂ ಎಷ್ಟೋ ಕಂಪನಿಗಳ ಬ್ಲಾಕ್ ಅದೇ ಅಳತೆ.

ಗಾರೆ ಹಾಕಿ ಕಟ್ಟೋ ಹಾಲೋ ಬ್ಲಾಕ್, ಅದರ ತೂತಲ್ಲಿ ಫೋಮ್ ತುಂಬಿರ್ತಾರಲ್ಲ, ಅದು ಬೇರೆ. ಅದಕ್ಕೆ ಕೆಳಗಡೆ ಒಂದು ಪ್ರಶ್ನೆ ಇಟ್ಟಿದೀನಿ.

ಮೊದಲ ವರಸೆಗೆ ಯಾಕಿಷ್ಟು ತಲೆಕೆಡಿಸ್ಕೊಳ್ಬೇಕು? ಮೇಲೆ ಹೋಗ್ತಾ ಸರಿ ಮಾಡ್ಕೋಬಹುದಲ್ವಾ?

ಇಟ್ಟಿಗೆಯಲ್ಲಿ ಆಗತ್ತೆ, ಇದರಲ್ಲಿ ಆಗಲ್ಲ. ಇಟ್ಟಿಗೆ ಗೋಡೆಯಲ್ಲಿ ಪ್ರತಿ ವರಸೆಗೂ ಗಾರೆ ಇದೆ, ಮೇಸ್ತ್ರಿ ಒಂದು ಕಡೆ ಸ್ವಲ್ಪ ದಪ್ಪ ಇನ್ನೊಂದು ಕಡೆ ಸ್ವಲ್ಪ ತೆಳು ಹಾಕಿ ನಾಲ್ಕೈದು ವರಸೆಯಲ್ಲಿ ಮಟ್ಟ ತಂದ್ಬಿಡ್ತಾನೆ. ಇಲ್ಲಿ ಗಾರೆನೇ ಇಲ್ಲ, ಹಲ್ಲಿಗೆ ಹಲ್ಲು ಕೂತಿರೋದ್ರಿಂದ ಕೆಳಗಿನ ಬ್ಲಾಕ್ ಹೇಗಿದ್ಯೋ ಮೇಲಿಂದೂ ಹಾಗೇ.

ಲೆಕ್ಕ ಹಾಕಿ ನೋಡಿ. 150 ಎಂಎಂ ಕಾಂಕ್ರೀಟು, ಎರಡೂ ಕಡೆ 65 ಎಂಎಂ ಫೋಮು ಅಂದ್ರೆ ಗೋಡೆ ದಪ್ಪ 280 ಎಂಎಂ. ಮೊದಲ ಬ್ಲಾಕ್ ಆ ದಪ್ಪದಲ್ಲಿ ಬರೀ 3 ಎಂಎಂ ಒಂದು ಕಡೆಗೆ ವಾಲಿದ್ರೂ, 7 ವರಸೆ ಏರಿಸಿ 2.8 ಮೀಟರ್ ಎತ್ತರಕ್ಕೆ ಹೋಗೋ ಹೊತ್ತಿಗೆ ತಲೆ 30 ಎಂಎಂ ಆಚೆ ಹೋಗಿರತ್ತೆ. ಆಮೇಲೆ ಆಸರೆ ಕೊಟ್ಟು ಎಳೆದು ತಳ್ಳಿ ನೆಟ್ಟಗೆ ಮಾಡ್ತಾರೆ ನಿಜ, ಆದ್ರೆ ಹಾಗೆ ಬಲವಂತವಾಗಿ ನಿಲ್ಲಿಸಿದ ಗೋಡೆಯ ಬುಡದಲ್ಲಿ ಒಂದು ಕಡೆ ಸಂದು ಬಾಯಿ ಬಿಟ್ಟಿರತ್ತೆ, ಕಾಂಕ್ರೀಟ್ ಹಾಲು ಸೋರೋದು ಅಲ್ಲಿಂದ್ಲೇ.

ಇನ್ನೊಂದು ಕಾರಣ ಭಾರ. ಖಾಲಿ ಬ್ಲಾಕ್ ಒಂದು ಕೈಯಲ್ಲಿ ಎತ್ತಬಹುದು, 1200 ಎಂಎಂ ಉದ್ದ 400 ಎಂಎಂ ಎತ್ತರದ ಬ್ಲಾಕಿಗೆ ಕಾಂಕ್ರೀಟ್ ತುಂಬಿದ್ರೆ ಒಳಗೆ ಹೋಗೋದೇ ಸುಮಾರು 170 ಕೆಜಿ. ಅದಕ್ಕಿಂತ ದೊಡ್ಡದು ಪಕ್ಕಕ್ಕೆ ತಳ್ಳೋ ಒತ್ತಡ: ಹಸಿ ಕಾಂಕ್ರೀಟು ನಾಲ್ಕಡಿ ಎತ್ತರ ನಿಂತ್ರೆ ಅತಿ ಕೆಳಗಿನ ಬ್ಲಾಕಿನ ಒಂದೊಂದು ಮುಖದ ಮೇಲೂ ಒಂದು ಟನ್ನಿಗಿಂತ ಜಾಸ್ತಿ ಬೀಳತ್ತೆ. ಅಷ್ಟನ್ನ ತಡೆಯೋದು ಆ ಪ್ಲಾಸ್ಟಿಕ್ ಪಟ್ಟಿಗಳು, ಮತ್ತೆ ನೀವು ಮೊದಲ ವರಸೆಗೆ ಕೊಟ್ಟ ಹಿಡಿತ. ಗೋಡೆ ಖಾಲಿ ಇದ್ದಾಗ ಎಲ್ಲಾ ಚೆನ್ನಾಗೇ ಕಾಣತ್ತೆ, ಅದನ್ನ ನಂಬಬೇಡಿ.

ಫೂಟಿಂಗ್ (ಗೋಡೆ ಕೂರೋ ಕಾಂಕ್ರೀಟ್ ಪಾಯ) ಎಷ್ಟು ಮಟ್ಟ ಇರ್ಬೇಕು?

ಇಡೀ ಉದ್ದಕ್ಕೆ ಏರಿಳಿತ ಮೇಲಕ್ಕಾಗ್ಲಿ ಕೆಳಕ್ಕಾಗ್ಲಿ 6 ಎಂಎಂ ಒಳಗೆ. ಇದಕ್ಕಿಂತ ಜಾಸ್ತಿ ಇದ್ರೂ ಕೆಲಸ ನಿಲ್ಲಲ್ಲ, ಆದ್ರೆ ಪ್ರತಿ ಬ್ಲಾಕಿಗೂ ಕೆತ್ತೋದು, ಚಕ್ಕೆ ಕೊಡೋದು ಅಂತ ದಿನ ಕಳೆಯತ್ತೆ. ಫೂಟಿಂಗ್ ಕಾಂಕ್ರೀಟ್ ಹಾಕೋ ದಿನ ಲೇಸರ್ ಇಟ್ಕೊಂಡು ಅರ್ಧ ಗಂಟೆ ಹೆಚ್ಚಿಗೆ ಖರ್ಚು ಮಾಡೋದು ಎಷ್ಟೋ ವಾಸಿ. ಲೇಸರ್ ಇಲ್ದಿದ್ರೆ ನೀರಿನ ಟ್ಯೂಬ್ ಲೆವೆಲ್ ಸಾಕು, ಅದು ಸುಳ್ಳು ಹೇಳಲ್ಲ, ಒಳಗೆ ಗಾಳಿ ಗುಳ್ಳೆ ಇಲ್ಲ ಅನ್ನೋದು ಮಾತ್ರ ನೋಡ್ಕೊಳ್ಳಿ. ಉದ್ದ ಗೋಡೆಗೆ ಬರೀ ರಸಮಟ್ಟ ಹಿಡ್ಕೊಂಡು ಹೋಗೋದು ಬೇಡ, ಒಂದೊಂದು ಸಲ ಅರ್ಧ ಎಂಎಂ ತಪ್ಪಿದ್ರೂ ಕೊನೆಗೆ ಎಲ್ಲಾ ಕೂಡ್ಕೊಂಡು ಬರತ್ತೆ.

ಒಂದು ಜಾಗದಲ್ಲಿ ಉಬ್ಬು ಇದ್ರೆ ಗ್ರೈಂಡರ್ ಹಿಡಿದು ತೆಗೀರಿ, ಅಥವಾ ಅಲ್ಲಿ ಕೂರೋ ಬ್ಲಾಕಿನ ತಳ ಅಷ್ಟೇ ಕೆತ್ತಿ. ತಳ ಮಾತ್ರ! ಮೇಲಿನ ಹಲ್ಲು ಮುಟ್ಟಬೇಡಿ, ಎರಡನೇ ವರಸೆ ಕೂರೋದು ಅದರ ಮೇಲೆ. ತಗ್ಗಿದ್ರೆ ಪ್ಲಾಸ್ಟಿಕ್ ಚಕ್ಕೆ ಕೊಟ್ಟು ಎತ್ತಿ.

ಗುರುತು ಹಾಕೋದು ಹೇಗೆ?

ಫೂಟಿಂಗ್ ಚೆನ್ನಾಗಿ ಗುಡಿಸಿ, ಮಣ್ಣು ಧೂಳು ಇದ್ರೆ ದಾರದ ಗುರುತೂ (ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಹೊಡೆದು ಮೂಡಿಸೋ ಗೆರೆ) ನಿಲ್ಲಲ್ಲ, ಕಾಂಕ್ರೀಟಿಗೆ ಕಾಂಕ್ರೀಟ್ ಹಿಡಿಯೋದೂ ಇಲ್ಲ. ಮೂಲೆಗಳನ್ನ ಗುರುತು ಮಾಡಿ 3-4-5 ಅಳತೆಯಲ್ಲಿ (ಒಂದು ಕಡೆ 3, ಇನ್ನೊಂದು ಕಡೆ 4 ಇದ್ರೆ ಓರೆ 5 ಬರ್ಬೇಕು) ಮೂಲೆಮಟ್ಟ ನೋಡಿ, ದೊಡ್ಡ ಮನೆ ಆದ್ರೆ 6-8-10 ಅಥವಾ 9-12-15 ತಗೊಳ್ಳಿ, ಅಳತೆ ದೊಡ್ಡದಾದಷ್ಟು ತಪ್ಪು ಚಿಕ್ಕದಾಗತ್ತೆ. ಕೊನೆಗೆ ಎರಡೂ ಕರ್ಣ ಅಳೀರಿ, ಎರಡೂ ಒಂದೇ ಬಂದ್ರೆ ಮುಗೀತು.

ದಾರ ಹೊಡೀಬೇಕಾಗಿರೋದು ಥರ್ಮಾಕೋಲಿನ ಹೊರ ಅಂಚಿಗೆ, ಕಾಂಕ್ರೀಟಿನ ಅಂಚಿಗಲ್ಲ. ಕೇಳೋಕೆ ಸಣ್ಣ ವಿಷಯ, ಆದ್ರೆ ಡ್ರಾಯಿಂಗಲ್ಲಿ ಯಾವುದರ ಅಳತೆ ಕೊಟ್ಟಿದಾರೆ ಅಂತ ನೋಡದೆ ಹೊಡೆದ್ರೆ ಇಡೀ ಮನೆ ಪ್ರತಿ ಕಡೆ 65 ಎಂಎಂ ಆಚೀಚೆ. ಬಾಗಿಲು ಎಲ್ಲೆಲ್ಲಿ ಬರತ್ತೆ ಅನ್ನೋದನ್ನೂ ಫೂಟಿಂಗ್ ಮೇಲೇ ಈಗ್ಲೇ ಬರೀರಿ.

ಎಲ್ಲಿಂದ ಶುರು ಮಾಡೋದು?

ಮೂಲೆಗಳಿಂದ, ಯಾವಾಗ್ಲೂ. ಮೂಲೆ ಬ್ಲಾಕಲ್ಲಿ ಎಡ ಬಲ ಅಂತ ಎರಡು ಥರ ಬರತ್ತೆ, ಒಂದು ಕೈ ಉದ್ದ ಒಂದು ಕೈ ಗಿಡ್ಡ. ಮೊದಲ ವರಸೆಯಲ್ಲಿ ಎಲ್ಲಾ ಮೂಲೆಗೂ ಎಡದ್ದನ್ನೇ ಇಟ್ರೆ ಎರಡನೇದಕ್ಕೆ ಎಲ್ಲಾ ಕಡೆ ಬಲದ್ದು, ಮೂರನೇದಕ್ಕೆ ಮತ್ತೆ ಎಡದ್ದು. ಹೀಗೆ ಮಾಡಿದ್ರೆ ಕೀಲುಗಳು (ಎರಡು ಬ್ಲಾಕ್ ಸೇರೋ ಜಾಗ) ತಾವಾಗೇ ಒಂದರ ಮೇಲೊಂದು ಬರದ ಹಾಗೆ ಸರೀತವೆ. ಕಮ್ಮಿ ಅಂದ್ರೂ 200 ಎಂಎಂ ಸರಿದಿರ್ಲಿ. ಒಂದೇ ವರಸೆಯಲ್ಲಿ ಎಡ ಬಲ ಬೆರಕೆ ಆದ್ರೆ ಮಧ್ಯೆ ಎಲ್ಲೋ ಲೆಕ್ಕ ಕೆಡತ್ತೆ, ಯಾಕೆ ಅಂತ ಹುಡುಕೋಕೆ ಅರ್ಧ ದಿನ ಬೇಕು.

ಮೂಲೆಗಳು ಕೂತ ಮೇಲೆ ಎರಡೂ ಕಡೆಯಿಂದ ಮಧ್ಯಕ್ಕೆ ಬನ್ನಿ. ಗೋಡೆಯಲ್ಲಿ ಬಾಗಿಲಿದ್ರೆ ಬಾಗಿಲ ಕಡೆಗೆ ಬನ್ನಿ, ಕತ್ತರಿಸಿದ ತುಂಡು ಅಲ್ಲಿ ಬಂದ್ರೆ ಯಾವ ತೊಂದ್ರೆನೂ ಇಲ್ಲ.

ಉದ್ದ ಸರಿಯಾಗಿ ಕೂರ್ತಿಲ್ಲ, ಮಧ್ಯೆ ಒಂದು ಗೇಣು ಜಾಗ ಉಳೀತು. ಏನ್ಮಾಡ್ಲಿ?

ಮೊದಲು ಇಂಜಿನಿಯರನ್ನ ಕೇಳಿ ಗೋಡೆ ಉದ್ದ ಒಂದೆರಡು ಇಂಚು ಬದಲಾಯಿಸಬಹುದಾ ನೋಡಿ. ಪ್ಲ್ಯಾನ್ ಹಂತದಲ್ಲೇ ಬ್ಲಾಕಿನ ಅಳತೆಗೆ ಗೋಡೆ ಹೊಂದಿಸಿದ್ರೆ ಈ ಪ್ರಶ್ನೆನೇ ಬರಲ್ಲ.

ಆಗಲ್ಲ ಅಂದ್ರೆ ಕತ್ತರಿಸಲೇಬೇಕು. ಎಷ್ಟೋ ಬ್ಲಾಕುಗಳ ಹಲ್ಲು ಒಂದೊಂದು ಇಂಚಿಗೆ ಬರತ್ತೆ, ಆ ಲೆಕ್ಕದಲ್ಲಿ ಕತ್ತರಿಸಿದ್ರೆ ಮೇಲಿನ ವರಸೆಯ ಹಲ್ಲು ಹೊಂದತ್ತೆ. ಹೊಂದದ ಅಳತೆ ಬಂದ್ರೆ, ಗೋಡೆಯಲ್ಲಿ ಒಂದೇ ಜಾಗ ಆರಿಸ್ಕೊಂಡು ಬುಡದಿಂದ ತಲೆವರೆಗೂ ಅಲ್ಲೇ ನೆಟ್ಟಗೆ ಒಂದು ಕೀಲು ಬಿಡಿ, ಉಳಿದ ಕಡೆ ಎಲ್ಲಾ ಹಲ್ಲು ಸರಿಯಾಗಿ ಕೂರತ್ತೆ. ಆ ಕೀಲಿಗೆ ಎರಡೂ ಮುಖದಲ್ಲಿ ಪ್ಲೈವುಡ್ ಪಟ್ಟಿ ಇಟ್ಟು ಒಳಗಿನ ಪ್ಲಾಸ್ಟಿಕ್ ಪಟ್ಟಿಗೆ ಸಿಗೋ ಹಾಗೆ ಸ್ಕ್ರೂ ಹೊಡೀರಿ. ಬರೀ ಫೋಮಿಗೆ ಹೊಡೆದ ಸ್ಕ್ರೂ ಲೆಕ್ಕಕ್ಕಿಲ್ಲ. ಕತ್ತರಿಸಿದ ಅಂಚಿಗೂ ಹತ್ತಿರದ ಪ್ಲಾಸ್ಟಿಕ್ ಪಟ್ಟಿಗೂ ದೂರ ಜಾಸ್ತಿ ಆದಷ್ಟು ಆ ಫೋಮ್ ಹೊರಗೆ ಉಬ್ಬೋ ಸಾಧ್ಯತೆ ಜಾಸ್ತಿ, ಒಡೆಯೋದಿದ್ರೆ ಇಂಥ ಜಾಗದಲ್ಲೇ ಒಡೆಯತ್ತೆ.

ಫೂಟಿಂಗಿಂದ ಎದ್ದಿರೋ ಕಂಬಿ ಬ್ಲಾಕಿಗೆ ತಾಗ್ತಿದೆ.

ಎಲ್ಲಿ ತಾಗ್ತಿದೆ ನೋಡಿ. ಪ್ಲಾಸ್ಟಿಕ್ ಪಟ್ಟಿಗೆ ಮಾತ್ರ ತಾಗ್ತಿದ್ರೆ ಬ್ಲಾಕನ್ನ ಒಂದಿಂಚು ಸರಿಸಿ, ಇಲ್ಲಾ ಕಂಬಿ ಸ್ವಲ್ಪ ಬಗ್ಗಿಸಿದ್ರೆ ಮುಗಿಯತ್ತೆ. ಕಂಬಿ ಫೋಮಿನ ಒಳಗೇ ಬರ್ತಿದೆ, ಅಂದ್ರೆ ಕಾಂಕ್ರೀಟಿನ ಜಾಗದಲ್ಲೇ ಇಲ್ಲ ಅಂದ್ರೆ ಅದು ಗೋಡೆಗೆ ಕೆಲಸಕ್ಕೆ ಬರಲ್ಲ, ಕತ್ತರಿಸಿ ಹಾಕಿ ಸರಿಯಾದ ಜಾಗದಲ್ಲಿ ತೂತು ಕೊರೆದು ಎಪಾಕ್ಸಿ (ಗಟ್ಟಿಯಾಗೋ ಅಂಟು) ಹಾಕಿ ಹೊಸ ಕಂಬಿ ನೆಡಬೇಕು. ಎಷ್ಟು ಆಳ, ಯಾವ ಎಪಾಕ್ಸಿ ಅನ್ನೋದು ಇಂಜಿನಿಯರ್ ಹೇಳ್ಬೇಕು. ಕಂಬಿ ತಾಗತ್ತೆ ಅಂತ ಪ್ಲಾಸ್ಟಿಕ್ ಪಟ್ಟಿ ಕತ್ತರಿಸೋ ಚಾಳಿ ಕೆಲವರಿಗಿದೆ, ಮೊದಲ ವರಸೆಯಲ್ಲಂತೂ ಅದನ್ನ ಮಾಡ್ಲೇಬೇಡಿ, ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳೋದು ಅಲ್ಲೇ.

ಅಡ್ಡ ಕಂಬಿ ಮೊದಲ ವರಸೆಯಿಂದ್ಲೇ ಬೇಕಾ?

ಸಾಮಾನ್ಯವಾಗಿ ಬೇಕು, ಆದ್ರೆ ಎಷ್ಟು ವರಸೆಗೊಂದು, ಎಷ್ಟು ಎಂಎಂದು ಅನ್ನೋದೆಲ್ಲ ಡ್ರಾಯಿಂಗ್ ನೋಡಿ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಂಬಿ ಕೂರೋಕೆ ಖಾಂಚು ಇರತ್ತೆ, ಇಟ್ರೆ ಕ್ಲಿಕ್ ಅಂತ ಕೂತ್ಕೊಳತ್ತೆ. ಒಂದು ವರಸೆಯಲ್ಲಿ ಒಂದು ಖಾಂಚು, ಮುಂದಿನ ವರಸೆಯಲ್ಲಿ ಅದರ ಪಕ್ಕದ್ದು, ಹೀಗೆ ಅದಲು ಬದಲು ಮಾಡಿದ್ರೆ ಆಮೇಲೆ ಮೇಲಿಂದ ಇಳಿಸೋ ನೆಟ್ಟ ಕಂಬಿ ಎರಡರ ಮಧ್ಯೆ ಸಿಕ್ಕಿ ತಾನಾಗೇ ನಿಲ್ಲತ್ತೆ, ಬೈಂಡಿಂಗ್ ವೈರ್ ಕಟ್ಟೋ ಕೆಲಸ ಎಷ್ಟೋ ಕಮ್ಮಿ. ಫೂಟಿಂಗಿನ ಕಂಬಿಗೂ ಗೋಡೆ ಕಂಬಿಗೂ ಓವರ್‌ಲ್ಯಾಪ್ ಸಾಮಾನ್ಯವಾಗಿ ವ್ಯಾಸದ 40ರಿಂದ 60 ಪಟ್ಟು ಕೇಳ್ತಾರೆ, 12 ಎಂಎಂ ಕಂಬಿಗೆ 480ರಿಂದ 720 ಎಂಎಂ ಆಯ್ತು. ಅಂದ್ರೆ ಫೂಟಿಂಗ್ ಕಂಬಿ ಎರಡನೇ ವರಸೆವರೆಗೂ ಬಂದಿರತ್ತೆ, ಬ್ಲಾಕನ್ನ ಅದರ ಮೇಲಿಂದ ಇಳಿಸಿ ಕೂರಿಸ್ಬೇಕು. ಕಂಬಿ ತುದಿ ಕಣ್ಣಿಗೆ ಮುಖಕ್ಕೆ ಹೊಡೆಯತ್ತೆ, ಪ್ಲಾಸ್ಟಿಕ್ ಟೋಪಿ ಹಾಕಿಡಿ.

ಮೊದಲ ವರಸೆನ ಫೂಟಿಂಗಿಗೆ ಯಾವಾಗ ಅಂಟಿಸೋದು?

ಎಲ್ಲಕ್ಕಿಂತ ಜಾಸ್ತಿ ಅವಸರ ಆಗೋದು ಇಲ್ಲೇ. ಮೊದಲ ವರಸೆ ಇಟ್ಟ ತಕ್ಷಣ ಅಂಟಿಸಬೇಡಿ. ಎರಡನೇ ವರಸೆನೂ ಇಡಿ, ಅದು ಕೂತಾಗ ಕೆಳಗಿನ ವರಸೆ ಒಂಚೂರು ಸರಿದು ನೆಟ್ಟಗಾಗತ್ತೆ, ಬ್ಲಾಕ್ ಬ್ಲಾಕಿನ ಮಧ್ಯದ ಸಂದು ಮುಚ್ಚತ್ತೆ. ಆಗ ಎರಡನೇ ವರಸೆಯ ತಲೆ ಮೇಲೆ ಲೇಸರ್ ಹಿಡಿದು ಸುತ್ತ ಬನ್ನಿ, ಪ್ರತಿ ಬ್ಲಾಕಿನ ಮೇಲೂ ಪೆನ್ಸಿಲಲ್ಲಿ ಬರೀರಿ, ಎಲ್ಲಿ ಎಷ್ಟು ಎತ್ತಬೇಕು ಎಲ್ಲಿ ಇಳಿಸಬೇಕು ಅಂತ. ತಗ್ಗಿಗೆ ಚಕ್ಕೆ, ಉಬ್ಬಿಗೆ ಕೆತ್ತು. ಮತ್ತೆ ಒಂದು ಸುತ್ತು ನೋಡಿ. ಒಂದು ಬ್ಲಾಕ್ ಎತ್ತಿದ್ರೆ ಪಕ್ಕದ್ದೂ ಏಳತ್ತೆ, ಹಾಗಾಗಿ ಒಂದೇ ಸುತ್ತಿಗೆ ಎಲ್ಲಾ ಸರಿ ಹೋಗೋದು ಅಪರೂಪ.

ಸಮಾಧಾನ ಆದ ಮೇಲೆ ಫೋಮ್ ಗನ್ ತಗೊಂಡು ಬುಡಕ್ಕೆ ಎರಡೂ ಕಡೆಯಿಂದ ಹೊಡೀರಿ. ಈ ಪಿಯು (ಪಾಲಿಯುರೆಥೇನ್) ಫೋಮ್ ಗಟ್ಟಿಯಾಗೋದು ತೇವದಿಂದ, ಫೂಟಿಂಗ್ ತೀರಾ ಒಣಗಿದ್ರೆ ಸ್ವಲ್ಪ ನೀರು ಚಿಮುಕಿಸಿ. ಕಮ್ಮಿ ಉಬ್ಬೋ ಥರದ್ದನ್ನೇ ತಗೊಳ್ಳಿ. ಮಾಮೂಲಿ ಸಂದು ತುಂಬೋ ಫೋಮ್ ಉಬ್ಬುವಾಗ ಹಗುರ ಬ್ಲಾಕನ್ನೇ ಎತ್ಬಿಡತ್ತೆ, ಅಷ್ಟು ಹೊತ್ತು ಲೆವೆಲ್ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅಂಟು ಬಲಿಯೋವರೆಗೂ ಮೇಲೆ ಏನಾದ್ರೂ ಭಾರ ಇಟ್ಟಿರಿ, ಮೂರನೇ ವರಸೆಗೆ ಕೈ ಹಾಕಬೇಡಿ.

ಫೂಟಿಂಗಿಗೆ ಮರದ ಪಟ್ಟಿ ಹೊಡೆದು ಅದಕ್ಕೆ ಒತ್ತಿಸಿ ಇಡೋದು ಒಳ್ಳೇದಾ?

ಒಳ್ಳೇದು, ಅದರಲ್ಲೂ ಮೊದಲ ಸಲ ಮಾಡೋರಿಗೆ. ದಾರದ ಗುರುತಿಗೆ ಸರಿಯಾಗಿ ಹೊರಗಡೆ ಒಂದು ಪಟ್ಟಿ ಮೊಳೆ ಹೊಡೆದ್ರೆ ಬ್ಲಾಕ್ ಆಚೆ ಹೋಗೋಕೆ ಜಾಗನೇ ಇಲ್ಲ. ಕಾಂಕ್ರೀಟ್ ಹಾಕುವಾಗಲೂ ಬುಡಕ್ಕೆ ಅದೊಂದು ಆಸರೆ. ಇನ್ನು ಕೆಲವರು ಫೂಟಿಂಗ್ ಕಾಂಕ್ರೀಟ್ ಹಸಿ ಇರುವಾಗ್ಲೇ ಮೊದಲ ವರಸೆನ ಅದರಲ್ಲಿ ಒತ್ತಿ ಕೂರಿಸ್ತಾರೆ. ಪಳಗಿದ ಗ್ಯಾಂಗ್ ಮಾಡಿದ್ರೆ ಚೆನ್ನಾಗೇ ಬರತ್ತೆ, ಆದ್ರೆ ಕಾಂಕ್ರೀಟ್ ಸೆಟ್ ಆಗೋಕೆ ಮುಂಚೆ ನಾಲ್ಕೂ ಗೋಡೆಯ ಮಟ್ಟ, ನೇರ, ಮೂಲೆ ಎಲ್ಲಾ ಮುಗೀಬೇಕು. ನನ್ನ ಕೇಳಿದ್ರೆ ಬೇಡ.

ಗಾರೆ ಹಾಕಿ ಕಟ್ಟೋ ಫೋಮ್ ತುಂಬಿದ ಹಾಲೋ ಬ್ಲಾಕಿಗೂ ಇದೇ ರೀತಿನಾ?

ಮೂಲೆಯಿಂದ ಶುರು, ದಾರ, ಮಟ್ಟ, ಇದೆಲ್ಲ ಒಂದೇ. ವ್ಯತ್ಯಾಸ ಇರೋದು ಗಾರೆಯಲ್ಲಿ. ಮೇಲಿನ ವರಸೆಗಳಿಗೆ ಬ್ಲಾಕಿನ ಎರಡು ಅಂಚಿಗಷ್ಟೇ ಗಾರೆ ಹಾಕೋದುಂಟು, ಆದ್ರೆ ಮೊದಲ ವರಸೆಗೆ ಪೂರ್ತಿ ಹಾಸು ಹಾಕ್ಬೇಕು, ಕಾಂಕ್ರೀಟ್ ತುಂಬೋ ತೂತುಗಳನ್ನ ಮಾತ್ರ ಬಿಟ್ಟು. ಮಾಮೂಲಿ ಕೀಲು 10 ಎಂಎಂ ಅಂದ್ರೆ ಫೂಟಿಂಗ್ ಮೇಲಿನ ಹಾಸು 6ರಿಂದ 20 ಎಂಎಂವರೆಗೂ ಹೋಗಬಹುದು, ಫೂಟಿಂಗಿನ ಏರಿಳಿತ ಅಲ್ಲೇ ಮುಚ್ಚಿಹೋಗತ್ತೆ. ಮೊದಲು ಗಾರೆ ಇಲ್ದೆ ಒಂದು ಸಾಲು ಇಟ್ಟು ಉದ್ದ ಹೊಂದತ್ತಾ ನೋಡ್ಕೊಳ್ಳಿ. ಇನ್ನೊಂದು, ಇಟ್ಟಿಗೆ ನೆನೆಸ್ತೀವಿ ಅಂತ ಕಾಂಕ್ರೀಟ್ ಬ್ಲಾಕನ್ನ ನೆನೆಸಬೇಡಿ, ನೆಂದ ಬ್ಲಾಕ್ ಗೋಡೆಯಲ್ಲಿ ಒಣಗುವಾಗ ಕುಗ್ಗಿ ಬಿರುಕು ಬಿಡತ್ತೆ. ಎತ್ತರ ಕಟ್ಟಿ ಆಮೇಲೆ ತೂತಿಗೆ ಕಾಂಕ್ರೀಟ್ ತುಂಬೋದಾದ್ರೆ ಕಂಬಿ ಇರೋ ತೂತುಗಳ ಬುಡದಲ್ಲಿ, ಮೊದಲ ವರಸೆಯಲ್ಲೇ, ಕಿಂಡಿ ಬಿಡಿ. ಬಿದ್ದ ಗಾರೆ ಅಲ್ಲಿಂದ ತೆಗೆದು ಆಮೇಲೆ ಮುಚ್ಚಬಹುದು.

ಬ್ಲಾಕ್ ಒಳಗೆ ಬಿದ್ದ ಥರ್ಮಾಕೋಲ್ ಪುಡಿ ತೆಗೀಬೇಕಾ?

ತೆಗೀಲೇಬೇಕು. ಬ್ಲಾಕ್ ಕೊಯ್ಯುವಾಗ ಬೀಳೋ ಆ ಬಿಳಿ ಕಾಳು ಎಲ್ಲಾ ಹೋಗಿ ಕೂರೋದು ಫೂಟಿಂಗ್ ಮೇಲೆ, ಅಂದ್ರೆ ಗೋಡೆ ಕಾಂಕ್ರೀಟ್ ಫೂಟಿಂಗಿಗೆ ಹಿಡಿಯಬೇಕಾದ ಜಾಗದಲ್ಲೇ. ಗೋಡೆ ಎತ್ತರ ಆದ ಮೇಲೆ ಕೈ ಹೋಗಲ್ಲ, ಹಾಗಾಗಿ ಎರಡು ವರಸೆ ಇರುವಾಗ್ಲೇ ವ್ಯಾಕ್ಯೂಮ್ ಹಾಕಿ ಎಳೀರಿ. ಕೊಯ್ಯೋದನ್ನ ಗೋಡೆ ಮೇಲೆ ಮಾಡದೆ ದೂರ ತಗೊಂಡೋಗಿ ಮಾಡಿದ್ರೆ ಅರ್ಧ ಗೋಳು ತಪ್ಪತ್ತೆ. ರಾತ್ರಿ ಮೇಲ್ಗಡೆ ಟಾರ್ಪಾಲ್ ಮುಚ್ಚಿ, ಎಲೆ, ನೀರು, ಕೆಲವು ಸಲ ಇಲಿ ಕಪ್ಪೆ ಕೂಡ ಸಿಗತ್ತೆ ಒಳಗೆ.

ಗಾಳಿಗೆ ಹಾರಿ ಹೋಗಲ್ವಾ?

ಹೋಗತ್ತೆ! ಕಾಂಕ್ರೀಟ್ ಬೀಳೋವರೆಗೂ ಅದು ಬರೀ ಥರ್ಮಾಕೋಲು. ಮೊದಲೆರಡು ವರಸೆನ ಒಂದಕ್ಕೊಂದು, ಸಾಧ್ಯ ಆದ್ರೆ ಅಡ್ಡ ಕಂಬಿಗೂ, ಪ್ಲಾಸ್ಟಿಕ್ ಜಿಪ್ ಟೈ ಹಾಕಿ ಬಿಗೀರಿ. ಕಾಂಕ್ರೀಟ್ ಹಾಕುವಾಗ ಬ್ಲಾಕ್ ಮೇಲೆದ್ದು ತೇಲೋದನ್ನೂ ಅದೇ ತಡೆಯತ್ತೆ. ಮೂರ್ನಾಲ್ಕು ವರಸೆ ಆದ ಮೇಲೆ ಒಳಗಡೆಯಿಂದ ಆಸರೆ ಕೊಡಿ, ಸುಮಾರು ಐದಾರು ಅಡಿಗೊಂದು, ಮೂಲೆ ಮತ್ತೆ ಬಾಗಿಲ ಪಕ್ಕ ಹೆಚ್ಚುವರಿ. ಗೋಡೆ ತಲೆನ ಆಸರೆ ಕಡೆಗೇ ಕೂದಲಷ್ಟು ವಾಲಿಸಿ ಇಟ್ಕೊಳ್ಳಿ, ಕಾಂಕ್ರೀಟ್ ತುಂಬಿದ ಗೋಡೆನ ಆಚೆ ತಳ್ಳೋದು ಸುಲಭ, ಈಚೆ ಎಳೆಯೋದು ಕಷ್ಟ.

ಪೈಪು, ವೈರು, ಬಾಗಿಲು?

ನೀರಿನ ಪೈಪು, ಚರಂಡಿ ಪೈಪು, ಕರೆಂಟ್ ಕೇಬಲ್ ಮನೆ ಒಳಗೆ ಬರೋದು ಹೆಚ್ಚಾಗಿ ಮೊದಲೆರಡು ವರಸೆಯಲ್ಲೇ. ಈಗ ಬ್ಲಾಕಲ್ಲಿ ತೂತು ಕೊಯ್ದು ಒಂದು ಸೈಜ್ ದೊಡ್ಡ ಪಿವಿಸಿ ಪೈಪ್ ಆರಪಾರ ತೂರಿಸಿ ಸುತ್ತ ಫೋಮ್ ಹೊಡೆದಿಡಿ, ಒಂದೆರಡು ಹೆಚ್ಚಿಗೇ ಇಡಿ. ಆಮೇಲೆ ಕಂಬಿ ಇರೋ ಕಾಂಕ್ರೀಟನ್ನ ಕೊರೆಯೋ ಹೊತ್ತಿಗೆ ಸಾಕಪ್ಪಾ ಸಾಕು ಅನ್ಸತ್ತೆ. ಬಾಗಿಲ ಜಾಗದಲ್ಲಿ ಕಾಂಕ್ರೀಟ್ ಹೊರಗೆ ಬರದ ಹಾಗೆ ಮರದ್ದೋ ಪಿವಿಸಿದೋ ಚೌಕಟ್ಟು ಮೊದಲ ವರಸೆಯಿಂದ್ಲೇ ನಿಲ್ಲಿಸಿ, ಒಳಗೆ ಅಡ್ಡ ಕೋಲು ಕೊಡಿ, ಇಲ್ದಿದ್ರೆ ಕಾಂಕ್ರೀಟ್ ಒತ್ತಿ ಬಾಗಿಲು ಸೊಂಟದ ಹತ್ರ ಸಣ್ಣ ಆಗತ್ತೆ.

ನೆಲದ ಕೆಳಗಿರೋ ವರಸೆಗಳಿಗೆ ವಾಟರ್‌ಪ್ರೂಫಿಂಗ್ ಯಾವ್ದು? ಗೆದ್ದಲು ಬರತ್ತಾ?

ಅಂಟಿಸೋ ಶೀಟ್ ಅಥವಾ ನೀರಿನ ಬೇಸ್ ಇರೋ ಬಳಿಯೋ ಥರದ್ದು. ಸಾಲ್ವೆಂಟ್ ಇರೋದು ಯಾವುದೂ ಬೇಡ. ಪೆಟ್ರೋಲು, ಥಿನ್ನರು ತಾಗಿದ್ರೆ ಥರ್ಮಾಕೋಲ್ ಕರಗಿ ಹೋಗತ್ತೆ, ಡಬ್ಬದ ಮೇಲೆ ಪಾಲಿಸ್ಟೈರೀನಿಗೆ (ಥರ್ಮಾಕೋಲಿಗೆ) ಆಗತ್ತೆ ಅಂತ ಬರೆದಿದ್ರೆ ಮಾತ್ರ ತಗೊಳ್ಳಿ. ಗೆದ್ದಲಿಗೆ ಫೋಮ್ ಆಹಾರ ಅಲ್ಲ, ಆದ್ರೆ ಅದನ್ನ ಕೊರೆದು ದಾರಿ ಮಾಡ್ಕೊಂಡು ಮೇಲಿನ ಮರಕ್ಕೆ ಹೋಗತ್ತೆ, ಹೊರಗಿಂದ ನೋಡಿದ್ರೆ ಗೊತ್ತೂ ಆಗಲ್ಲ. ಗೆದ್ದಲು ಕಾಟ ಇರೋ ಕಡೆ ಮಣ್ಣಿಗೆ ಔಷಧಿ, ಅಥವಾ ಲೋಹದ ತಡೆ ಹಾಳೆ, ಇದನ್ನ ಮಣ್ಣು ತುಂಬೋಕೆ ಮುಂಚೆನೇ ಯೋಚಿಸಿ. ನೆಲದ ಮೇಲಿನ ಭಾಗನ ಬಿಸಿಲಿಗೆ ತಿಂಗಳುಗಟ್ಟಲೆ ಬಿಡಬೇಡಿ, ಹಳದಿ ತಿರುಗಿ ಪುಡಿ ಉದುರತ್ತೆ.

ಕಾಂಕ್ರೀಟ್ ಹಾಕುವಾಗ ಕೆಳಗಿನ ವರಸೆಗೆ ಏನು ಎಚ್ಚರಿಕೆ?

ಒಂದು ಸಲಕ್ಕೆ ಮೂರರಿಂದ ನಾಲ್ಕಡಿ ಅಷ್ಟೇ. ಸುತ್ತ ಹಾಕ್ಕೊಂಡು ಬಂದು ಮತ್ತೆ ಶುರು ಮಾಡಿದ ಜಾಗಕ್ಕೆ ಬರೋ ಹೊತ್ತಿಗೆ ಕೆಳಗಿಂದು ಸ್ವಲ್ಪ ಬಿಗಿಯಾಗಿರತ್ತೆ, ಒತ್ತಡ ಇಳಿದಿರತ್ತೆ. ಮೂಲೆಗೆ ನೇರವಾಗಿ ಸುರೀಬೇಡಿ, ಮೂರಡಿ ದೂರದಲ್ಲಿ ಹಾಕಿ ಹರಿದು ಹೋಗೋಕೆ ಬಿಡಿ. ಜಲ್ಲಿ 10ರಿಂದ 12 ಎಂಎಂ, ಸ್ಲಂಪ್ (ಕಾಂಕ್ರೀಟ್ ಎಷ್ಟು ತೆಳು ಅಂತ ತೋರಿಸೋ ಅಳತೆ) 125ರಿಂದ 150 ಎಂಎಂ ಆಸುಪಾಸು. ಗಟ್ಟಿ ಇದೆ ಅಂತ ಸೈಟಲ್ಲಿ ನೀರು ಹುಯ್ಯೋದು ಬೇಡ, ನೀರು ಹೆಚ್ಚಿಸದೆ ತೆಳು ಮಾಡೋ ಅಡ್‌ಮಿಕ್ಸ್ಚರ್ ಹಾಕಿಸಿ.

ವೈಬ್ರೇಟರ್ (ಕಾಂಕ್ರೀಟ್ ಅದುರಿಸಿ ಕೂರಿಸೋ ಯಂತ್ರ) ಸಣ್ಣ ತಲೆಯದ್ದು, 25 ಎಂಎಂ ಅಷ್ಟು, ಬೇಗ ಇಳಿಸಿ ನಿಧಾನ ಎತ್ತಿ. ತುಂಬಾ ಹೊತ್ತು ಇಟ್ರೆ ಬ್ಲಾಕ್ ಒಡೆಯತ್ತೆ ಅನ್ನೋ ಹೆದರಿಕೆಗೆ ಎಷ್ಟೋ ಜನ ವೈಬ್ರೇಟರೇ ಹಾಕಲ್ಲ, ಇದು ಅದಕ್ಕಿಂತ ಕೆಟ್ಟದ್ದು. ಮಾಮೂಲಿ ಗೋಡೆಯಲ್ಲಿ ಸೆಂಟ್ರಿಂಗ್ ಬಿಚ್ಚಿದಾಗ ಟೊಳ್ಳು ಕಣ್ಣಿಗೆ ಬೀಳತ್ತೆ, ಇಲ್ಲಿ ಬಿಚ್ಚೋದೇ ಇಲ್ಲ. ಬುಡದ ವರಸೆಯಲ್ಲಿ ಕಂಬಿ ಓವರ್‌ಲ್ಯಾಪ್ ಆಗಿ ದಟ್ಟ ಇರೋದ್ರಿಂದ ಟೊಳ್ಳು ಉಳಿಯೋದು ಅಲ್ಲೇ ಜಾಸ್ತಿ. ಒಬ್ಬರು ಕೆಳಗೆ ನಿಂತು ಬ್ಲಾಕ್ ಮೇಲೆ ಕೈಯಲ್ಲಿ ತಟ್ತಾ ಹೋಗ್ಲಿ, ತುಂಬಿದ ಕಡೆ ಸದ್ದು ಮಂದ, ಖಾಲಿ ಇದ್ರೆ ಡಬಡಬ. ಅನುಮಾನ ಬಂದ್ರೆ ಅಲ್ಲಿ ಫೋಮ್ ಸಣ್ಣಗೆ ಕೊಯ್ದು ನೋಡಿ, ಆಮೇಲೆ ಅಂಟಿಸಬಹುದು.

ಅಷ್ಟೆಲ್ಲ ಮಾಡಿನೂ ಕೆಳಗೆ ಒಡೆದು ಕಾಂಕ್ರೀಟ್ ಹೊರಗೆ ಬಂದ್ರೆ?

ಪಂಪ್ ನಿಲ್ಲಿಸಿ, ಬೇರೆ ಗೋಡೆಗೆ ಹೋಗೋಕೆ ಹೇಳಿ. ಹೊರಬಂದ ಕಾಂಕ್ರೀಟ್ ಸಲಿಕೆಯಲ್ಲಿ ತೆಗೀರಿ, ಫೋಮ್ ತುಂಡನ್ನ ವಾಪಸ್ ಜಾಗಕ್ಕೆ ಒತ್ತಿ, ಮೇಲೆ ಪ್ಲೈವುಡ್ ಇಟ್ಟು ಅಕ್ಕಪಕ್ಕದ ಪ್ಲಾಸ್ಟಿಕ್ ಪಟ್ಟಿಗಳಿಗೆ ಸ್ಕ್ರೂ ಹೊಡೆದು ಎದುರಿಗೆ ಒಂದು ಓರೆ ಆಸರೆ ಕೊಡಿ. ಆ ಜಾಗಕ್ಕೆ ಮತ್ತೆ ಕಾಂಕ್ರೀಟ್ ಹಾಕೋದು ಕೊನೇಲಿ. ಇದಕ್ಕೆ ಬೇಕಾದ ಪ್ಲೈವುಡ್ ತುಂಡು, ಸ್ಕ್ರೂ, ಚಾರ್ಜ್ ಇರೋ ಡ್ರಿಲ್ಲು, ನಾಲ್ಕೈದು ಮರದ ಕೋಲು ಇಷ್ಟನ್ನೂ ಪಂಪ್ ಬರೋಕೆ ಮುಂಚೆನೇ ಗೋಡೆ ಪಕ್ಕ ತಂದಿಟ್ಟಿರಿ.